ಬಚ್ಚಲುಮನೆಯ ಕಪ್ಪು ಕಲ್ಲು

ನಲ್ಲಿ ಎಷ್ಟು ಎತ್ತರಕ್ಕೆ ಇರಬೇಕು ಎಂದು ಗಾರೆ ಕೆಲಸದ ಮರಿಸಿದ್ದಯ್ಯನವರು ನನ್ನನ್ನು ಕೇಳಲಿಲ್ಲ. ನನ್ನ ಹಿರಿಯ ಮೊಮ್ಮಗ ಸಿದ್ದೇಶನನ್ನು ಬಚ್ಚಲುಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿ, ಅವನ ಸೊಂಟಕ್ಕೆ ಸರಿಯಾಗಿ ಪೆನ್ಸಿಲಿನಿಂದ ಒಂದು ಗೆರೆ ಎಳೆದರು.

“ನನ್ನೆಸ್ರೂ ಸಿದ್ದ, ನಿನ್ನೆಸ್ರೂ ಸಿದ್ದ. ನಾವಿಬ್ರೂ ಒಂದೇ ಪಾರ್ಟಿ ಕಣಪ್ಪ. ಯೋಳು, ನಲ್ಲಿ ಇಲ್ಲಿಗೆ ಸಾಕಾ?”

“ಇನ್ನೂ ಕೆಳಗೆ,” ಎಂದ ಸಿದ್ದು.

“ಕೆಳುಕ್ಕೆ ಅಂದ್ರೆ ಎಲ್ಗೆ?”

“ಮೊಣಕಾಲ ಹತ್ರ. ಮೇಲಿಂದ ನೀರು ಬೀಳಬಾರದು.”

ಯಾಕೆ ಎಂದು ಅವರು ಕೇಳಲಿಲ್ಲ. ಮೊದಲ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿ, ಕುಕ್ಕರುಗಾಲಲ್ಲಿ ಕೂತು, ಹುಡುಗನ ಮೊಣಕಾಲಿನ ಪಕ್ಕ ಇನ್ನೊಂದು ಗೆರೆ ಎಳೆದರು. ಕೇಳುವ ಅಗತ್ಯವೂ ಇರಲಿಲ್ಲ. ಮಳವಳ್ಳಿಯಲ್ಲಿ ನಮ್ಮ ಮನೆಯ ಸಂಗತಿ ಗೊತ್ತಿಲ್ಲದವರು ಕಡಿಮೆ.

ಹಿಂದಿನ ವರ್ಷ ದೀಪಾವಳಿ ಕಳೆದು ಹನ್ನೆರಡನೆಯ ದಿನ, ನನ್ನ ಹಿರಿಯ ಮಗ ಯತೀಶ ಇಬ್ಬರು ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ದುದ್ದದ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದ. ವಾಪಸು ಬರುವಾಗ ನಾಲೆಯ ಏರಿಯ ಮೇಲೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು. ಜಾಗ ಬಿಡಲು ಪಕ್ಕಕ್ಕೆ ಸರಿದ ಕಾರು ನಾಲೆಗೆ ಜಾರಿತು. ಯತೀಶ ಮಕ್ಕಳಿಬ್ಬರನ್ನೂ ಕಿಟಕಿಯಿಂದ ಹೊರಗೆ ನೂಕಿದ. ಏರಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಹೊರೆ ಕಟ್ಟುವ ಹಗ್ಗ ಎಸೆದು ಅವರನ್ನು ಎಳೆದುಕೊಂಡರು. ಅವರಲ್ಲೊಬ್ಬಳು ಮರುದಿನ ಮಂಡ್ಯದ ಆಸ್ಪತ್ರೆಗೆ ಬಂದು, ಕಿರಿಯವನ ಒಂದು ಚಪ್ಪಲಿಯನ್ನು ತೊಳೆದು ಒಣಗಿಸಿ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಹೆಸರು ಕೇಳುವಷ್ಟರಲ್ಲಿ ಹೊರಟುಹೋಗಿದ್ದಳು.

ಕೊಚ್ಚಿಹೋದ ಕಾರಿನೊಳಗೆ ಯತೀಶ ಸಿಕ್ಕಿದ್ದು ಮೂರನೆಯ ದಿನ. ಅಷ್ಟು ದಿನವೂ ನನ್ನ ಕಿರಿಯ ಮಗ ಶಶಿಧರ ಏರಿಯ ಮೇಲೆಯೇ ನಿಂತಿದ್ದ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಸಿದ್ದು ಏಳುವ ಸ್ಥಿತಿಯಲ್ಲಿರಲಿಲ್ಲ. ಜ್ವರ ಬಂದು ಆಸ್ಪತ್ರೆಯಲ್ಲಿದ್ದ. ಶಶಿಯೇ ಮನೆಯಲ್ಲೇ ಮಿಂದು ಎಲ್ಲ ಮಾಡಿದ. ಆಮೇಲೆ ಕಿರಿಯವನು ಹೊನ್ನೇಶ ನಿಧಾನವಾಗಿ ಮರೆತ. ಅವನಿಗೆ ಆಗ ಆರು ವರ್ಷ. ನೀರು ಕಂಡರೆ ಈಗಲೂ ಎಮ್ಮೆಕರುವಿನ ಹಾಗೆ ಬಿದ್ದು ಹೊರಳುತ್ತಾನೆ. ಹತ್ತು ವರ್ಷದ ಸಿದ್ದು ಮಾತ್ರ ಬಚ್ಚಲಿಗೆ ಹೋಗುವುದನ್ನೇ ಬಿಟ್ಟ. ಅವನ ತಾಯಿ ಅಮೃತ ಮದ್ದೂರಿನ ಗಾರ್ಮೆಂಟ್ಸಿಗೆ ಏಳು ಗಂಟೆಯ ಬಸ್ಸು ಹಿಡಿಯಬೇಕು. ಅದಕ್ಕೆ ಮುಂಚೆ ಅವನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಳು. ಬಟ್ಟೆ ತಲೆಯ ಹತ್ತಿರ ಬಂದರೆ ಅವನ ಉಸಿರು ಸಿಕ್ಕಿಕೊಳ್ಳುತ್ತಿತ್ತು.

ಶ್ರಾವಣದಲ್ಲಿ ಬೆಳಕವಾಡಿಯಿಂದ ಮರಿತಾಯಮ್ಮ ಬಂದರು. ನನ್ನ ಗಂಡನ ಅಕ್ಕ. ನಮ್ಮವರು ತೀರಿಕೊಂಡ ಮೇಲೆ ಮನೆಯ ಕಾರ್ಯಗಳೆಲ್ಲ ನಡೆಯುವುದು ಅವರ ಮಾತಿನಂತೆ.

“ವರ್ಸದ ತಿತಿಗೆ ದೊಡ್ಡ ಮಗ ಕಾವೇರೀಲಿ ಮುಳುಗೇಳ್ಬೇಕು ಕಣಮ್ಮಿ ವನಜಾ,” ಎಂದರು. “ಚಿಕ್ಕಪ್ಪ ಒಂದ್ಸಲ ಮಾಡ್ದ, ಆಯ್ತು. ಮಗನ್ನ ಮನೇಲಿ ಮಡಿಕಂಡು ಇನ್ನೊಂದ್ಸಲಾನೂ ಅಂಗೇ ಮಾಡುದ್ರೆ ತೀರೋದೋನ್ಗೆ ನೀರು ಸೇರ್ತದಾ?”

“ಮಗು ಅತ್ತಿಗೆ. ಒಂದು ಲೋಟ ನೀರು ಮೈಮೇಲೆ ಚೆಲ್ಲಿದರೆ ನಡುಗುತ್ತಾನೆ.”

“ಅದ್ಕೆ ಯಾಕವ್ವಾ ಇಷ್ಟು ರಾಮಾಯ್ಣ?” ಎಂದ ಶಶಿ, ಕಾಫಿ ಲೋಟ ಕೆಳಗಿಟ್ಟು. “ನಾನೇ ಎತ್ಕೊಂಡೋಗಿ ಒಂದ್ಸಲ ಮುಳುಗುಸ್ಬುಡ್ತೀನಿ. ಭಯ ಅನ್ನೋದು ಒಂದೇ ಏಟ್ಗೆ ಓಯ್ತದೆ.”

ಸಿದ್ದು ಅಲ್ಲೇ ನಡುಮನೆಯಲ್ಲಿ ಲೆಕ್ಕ ಬಿಡಿಸುತ್ತಿದ್ದ. ಪೆನ್ಸಿಲು ನಿಂತಿತು. ತಲೆ ಎತ್ತಲಿಲ್ಲ. ಅವನ ಕಿವಿ ಬಿಳಿಚಿಕೊಂಡಿದ್ದು ನನಗೆ ಕಂಡಿತು. ಮರಿತಾಯಮ್ಮನವರಿಗೂ ಕಂಡಿರಬೇಕು. ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದು, ದನಿ ಇಳಿಸಿ ಹೇಳಿದರು:

“ಓಗ್ಲಿ, ಇಂಗೆ ಮಾಡು. ಅಷ್ಟರೊಳ್ಗೆ ಮನೇಲಿ ಅವ್ನೇ ತಲೆಮ್ಯಾಕೆ ನೀರು ಉಯ್ಕೊಂಡು ಮಿಂದ ಅನ್ನು, ಒಳೆತಾವ ನಾನು ನಾಕು ಅನಿ ಚಿಮುಕುಸಿ ಸುದ್ದ ಮಾಡುಸ್ತೀನಿ. ಇಳೀಬೇಕಾಗಿಲ್ಲ. ಮೀಯ್ಲಿಲ್ವಾ, ಸಸಿ ಯೋಳ್ದಂಗೇಯ.”

ಹೀಗೆ ನನಗೆ ಮೂರು ತಿಂಗಳು ಸಿಕ್ಕಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಹೆದರಿದ ಹುಡುಗನನ್ನು ಬೋರ್ಡಿನ ಮುಂದೆ ನಿಲ್ಲಿಸುವುದು ಹೇಗೆಂದು ಗೊತ್ತು ಎಂದುಕೊಂಡಿದ್ದೆ. ಹೆದರಿಕೆ ಇರುವ ಜಾಗವನ್ನೇ ಅವನದನ್ನಾಗಿ ಮಾಡಿಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಅದಕ್ಕೇ ಬಚ್ಚಲುಮನೆಯನ್ನು ಹುಡುಗರಿಗಾಗಿ ಹೊಸದು ಮಾಡಿಸಲು ಹೊರಟೆ.

ಮಂಡ್ಯದ ಅಂಗಡಿಯವನು ಮೀನು, ಆಮೆ, ನೀಲಿ ಅಲೆಗಳಿದ್ದ ಟೈಲ್ಸು ಹರಡಿದ. “ಗಂಡುಮಕ್ಕಳ ಬಾತ್‌ರೂಮಿಗೆ ಈಗ ಇದೇ ಓಡೋದು ಮೇಡಂ. ಒಳಗೆ ನಿಂತ್ರೆ ಸಮುದ್ರದೊಳಗೆ ನಿಂತಂಗೇ ಇರ್ತದೆ!” ಎಂದ. ನಾನು ಅವನ ಮುಖವನ್ನೇ ನೋಡಿದೆ. ಅವನದೇನೂ ತಪ್ಪಿರಲಿಲ್ಲ. ತಿಳಿಹಸಿರಿನ ಟೈಲ್ಸು ಆರಿಸಿಕೊಂಡು ಬಂದೆ. ನನಗೆ ಅಷ್ಟು ಎಚ್ಚರವಿತ್ತಲ್ಲ ಎಂದು ಬಸ್ಸಿನಲ್ಲಿ ಹೆಮ್ಮೆಪಟ್ಟಿದ್ದೂ ನೆನಪಿದೆ.

ಶವರ್ ಕಿತ್ತು ಹಾಕಿಸಿದೆ. ಬಾಗಿಲಿನ ಒಳಚಿಲಕವನ್ನು ಸಿದ್ದು ತೆಗೆಸಿದ. ಅದರ ಬದಲು ಹೊರಗೆ ಒಂದು ಮೊಳೆ ಹೊಡೆದು, ಒಳಗೆ ಯಾರಾದರೂ ಇದ್ದರೆ ಅದಕ್ಕೆ ಹಳೆಯ ಕ್ರಿಕೆಟ್ ಟೋಪಿ ನೇತುಹಾಕುವುದೆಂದು ಅಣ್ಣತಮ್ಮಂದಿರಿಬ್ಬರೂ ಸೇರಿ ಗೊತ್ತುಮಾಡಿದರು. ಮುರಿದ ಬ್ಯಾಟು ಗೋಡೆಗೆ ಅಡ್ಡಲಾಗಿ ಕೂತು ಸೋಪು, ಬ್ರಶ್ಶು ಇಡುವ ಹಲಗೆಯಾಯಿತು. ಮೂರು ಸ್ಟಂಪುಗಳು ಟವೆಲಿಗೆ. ನೆಲಕ್ಕೆ ಜಾರದ ಟೈಲ್ಸು, ಹೊನ್ನನ ಕೈಗೆಟುಕುವಷ್ಟು ತಗ್ಗಿಗೆ ಗೂಟಗಳು. ಹಳೆಯ ತಾಮ್ರದ ಹಂಡೆಯನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ನನ್ನ ಅತ್ತೆಯ ಕಾಲದ್ದು.

ಒಂದು ವಿಷಯದಲ್ಲಿ ಮರಿಸಿದ್ದಯ್ಯನವರು ಯಾರ ಮಾತೂ ಕೇಳಲಿಲ್ಲ. ನೀರು ಇಳಿದುಹೋಗುವಂತೆ ನೆಲಕ್ಕೆ ಎರಡು ಸಲ ವಾಟ ಕೊಟ್ಟು, ಬಕೆಟ್ಟುಗಟ್ಟಲೆ ನೀರು ಸುರಿದು ಅದು ಹರಿದುಹೋಗುವುದನ್ನು ನೋಡಿ, ಸಮಾಧಾನವಾಗದೆ ಮೂರನೆಯ ಸಲ ಅಗೆದರು.

“ಸಾಕು ಬಿಡಿ ಸಿದ್ದಯ್ಯನವರೇ, ಚೆನ್ನಾಗೇ ಹರಿಯುತ್ತಿದೆಯಲ್ಲ.”

“ಇಲ್ಲ ಟೀಚರಮ್ಮ. ಬೆಳ್ಳುದ್ದ ನೀರೂ ನಿಲ್ಬಾರ್ದು ಇಲ್ಲಿ. ಬಿದ್ದಿದ್ದು ಬಿದ್ದಂಗೇ ಓಗ್ಬೇಕು. ಈ ಮಗೀಗೆ ನಿಂತ ನೀರು ಕಾಣ್ಬಾರ್ದು.”

ಕೆಲಸ ಮುಗಿದ ದಿನ ಅವರು ಯಾವುದೋ ಅಡುಗೆಮನೆಯಲ್ಲಿ ಮಿಕ್ಕಿದ್ದ ಕಡಪ ಕಲ್ಲಿನ ತುಂಡೊಂದನ್ನು ತಂದು, ಕೇಳದೆಯೇ ಗೋಡೆಗೆ ಕೂರಿಸಿದರು. ಸಿದ್ದುವಿನ ಕೈಗೆ ಒಂದು ಸೀಮೆಸುಣ್ಣ ಕೊಟ್ಟರು. “ಬರ್ಕೊಳಪ್ಪ ಪಾರ್ಟಿ. ಯಾರು ಎಷ್ಟು ಚೊಂಬು ಉಯ್ಕೊಂಡ್ರಿ ಅಂತ.”

ಆ ಕಪ್ಪು ಕಲ್ಲು ನಾನು ಯೋಚಿಸಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿತು. ನಿಯಮಗಳನ್ನು ಹುಡುಗರೇ ಮಾಡಿದರು. ಕಾಲಿಗೆ ಒಂದು ಚೊಂಬು ಹಾಕಿಕೊಂಡರೆ ಒಂದು ರನ್ನು. ಭುಜಕ್ಕಾದರೆ ಬೌಂಡರಿ. ತಲೆಗಾದರೆ ಸಿಕ್ಸರ್. ಮೊದಲನೆಯ ದಿನವೇ ಹೊನ್ನ ನೂರಾ ಎಂಟು ಹೊಡೆದು ಹಂಡೆ ಖಾಲಿ ಮಾಡಿದ. ಸಿದ್ದು ಬಾಗಿಲಲ್ಲೇ ನಿಂತು ಸ್ಕೋರು ಬರೆದ. ನಾಲ್ಕನೆಯ ದಿನ ತನ್ನ ಹೆಸರಿನ ಮುಂದೆ ಒಂದು ರನ್ನು ಬರೆದುಕೊಂಡ. ಎಡಗಾಲಿಗೆ. ಮರುದಿನ ಎರಡು.

“ಇದೇನ್ಲಾ ಇದು, ಟೆಸ್ಟ್ ಮ್ಯಾಚಾ?” ಎಂದು ಶಶಿ ಕಲ್ಲು ನೋಡಿ ಛೇಡಿಸಿದ. “ನಿನ್ ತಮ್ಮ ಸಾವ್ರ ದಾಟವ್ನೆ, ನೀನಿನ್ನೂ ಅದಿನೇಳರಲ್ಲೇ ಕುಟ್ತಾ ಇದ್ದೀಯ.”

“ಔಟಾಗಿಲ್ವಲ್ಲ ಚಿಕ್ಕಪ್ಪ,” ಎಂದ ಸಿದ್ದು.

ಶಶಿ ನಕ್ಕ. ಯತೀಶ ಹೋದ ಮೇಲೆ ಈ ಮನೆಯಲ್ಲಿ ಶಶಿ ನಕ್ಕಿದ್ದು ಅದೇ ಮೊದಲು. ನಕ್ಕವನು ತಕ್ಷಣ ಮುಖ ತಿರುಗಿಸಿಕೊಂಡು, ಸ್ಕೂಟರಿನ ಕೀಲಿ ಹುಡುಕುವವನಂತೆ ಹೊರಗೆ ಹೋದ.

ಮಹಾನವಮಿಯ ಹೊತ್ತಿಗೆ ಸಿದ್ದು ಸೊಂಟದವರೆಗೆ ಬಂದ. ಆಮೇಲೆ ಒಂದು ಭಾನುವಾರ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬಲಭುಜಕ್ಕೆ ಅರ್ಧ ಚೊಂಬು ಹಾಕಿಕೊಂಡ. ಅರ್ಧ ಚೊಂಬಿಗೆ ಎಷ್ಟು ಎಂದು ಅಣ್ಣತಮ್ಮಂದಿರಿಗೆ ಜಗಳವಾಗಿ, ಎರಡು ರನ್ನಿಗೆ ಒಪ್ಪಂದವಾಯಿತು. ತಲೆ ಮಾತ್ರ ಉಳಿದಿತ್ತು. ತಿಥಿಗೆ ಇನ್ನು ಎರಡು ವಾರ. ನಡುವೆ ದೀಪಾವಳಿ.

ವರ್ಷ ತುಂಬದ ಮನೆಯಲ್ಲಿ ಹಬ್ಬವಿಲ್ಲ. ದೀಪ, ಪಟಾಕಿ, ಒಬ್ಬಟ್ಟು ಯಾವುದೂ ಇಲ್ಲ. ಅದು ನನಗೆ ಗೊತ್ತಿತ್ತು. ಆದರೆ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಪಕ್ಕದ ಮನೆಗಳಲ್ಲಿ ಹಂಡೆ ತಿಕ್ಕುವ ಸದ್ದು ಕೇಳಿ ಹೊನ್ನ ಅಳುಮುಖ ಮಾಡಿಕೊಂಡು ಬಂದ. ನನ್ನ ತಾಯಿ ಆ ಸಂಜೆ ಬಚ್ಚಲುಮನೆಯನ್ನು ದೇವರಮನೆಗಿಂತ ಹೆಚ್ಚು ಸಿಂಗರಿಸುತ್ತಿದ್ದಳು. ಹುಣಸೆಹಣ್ಣು ಹಾಕಿ ತಿಕ್ಕಿದ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕುತ್ತಿಗೆಗೆ ಹಾಗಲಬಳ್ಳಿ, ಸುತ್ತ ರಂಗೋಲಿ. ಬೆಳಿಗ್ಗೆ ಆ ಹಂಡೆಯ ನೀರಿನಲ್ಲಿ ಎಣ್ಣೆಸ್ನಾನ. ಆ ನೀರಿಗೆ ಯಾವ ಮಕ್ಕಳೂ ಹೆದರಿದ್ದನ್ನು ನಾನು ಕಂಡಿಲ್ಲ.

ಬಾಗಿಲು ಮುಚ್ಚಿದ ಬಚ್ಚಲೊಳಗೆ ಮಾಡಿದರೆ ಯಾರಿಗೆ ಕಾಣುತ್ತದೆ? ಹಬ್ಬವೆಂದಲ್ಲ, ಮಕ್ಕಳ ಕೋಣೆಗೆ ಸ್ವಲ್ಪ ಅಂದವೆಂದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಕೆಮ್ಮಣ್ಣು ಕಲಸಿಕೊಟ್ಟೆ. ಸಿದ್ದು ಮೂರು ಬೆರಳು ಅದ್ದಿ ಹಂಡೆಯ ಸುತ್ತ ಪಟ್ಟೆ ಎಳೆದ. ಎಷ್ಟು ನೇರವಾದ ಪಟ್ಟೆ! ಆಮೇಲೆ ಕಪ್ಪು ಕಲ್ಲಿನ ಸುತ್ತ, ಸ್ಟಂಪುಗಳ ಕೆಳಗೆ, ಕೊನೆಗೆ ಹಸಿರು ಗೋಡೆಯ ಉದ್ದಕ್ಕೂ ಎಳೆಯುತ್ತ ಹೋದ. ಹೊನ್ನ ಪಟ್ಟೆಗಳ ನಡುವೆ ಸುಣ್ಣದ ಚುಕ್ಕಿ ಇಟ್ಟ. ಹಾಗಲಬಳ್ಳಿಯನ್ನು ಹಂಡೆಗೂ ಸುತ್ತಿ, ನಲ್ಲಿಗೂ ಸುತ್ತಿದರು. ಚೆಂಡುಹೂವಿನ ಎಸಳು ಕಿತ್ತು ನೆಲದ ತುಂಬ ಉದುರಿಸಿದರು. ಕೆಲಸದಿಂದ ಬಂದ ಅಮೃತ ಬಾಗಿಲಲ್ಲಿ ನಿಂತು ನೋಡಿದಳು. ನನ್ನ ಕೈ ಹಿಡಿದು, ಉಗುರಿನ ಸಂದಿಯಲ್ಲಿ ಸೇರಿದ್ದ ಕೆಮ್ಮಣ್ಣನ್ನು ತನ್ನ ಸೆರಗಿನಿಂದ ಒರೆಸಿದಳು.

“ಅಜ್ಜಿ,” ಎಂದ ಸಿದ್ದು, “ನಾಳೆ ಸಿಕ್ಸರ್ ಹೊಡೀತೀನಿ.”

ಬೆಳಿಗ್ಗೆ ಆರು ಗಂಟೆಗೆ ಅವನೇ ಎದ್ದ. ಬೆಳಕವಾಡಿಯಿಂದ ಹಿಂದಿನ ದಿನವೇ ಬಂದಿದ್ದ ಮರಿತಾಯಮ್ಮ, ಹಬ್ಬ ಮಾಡಬಾರದೆಂದು ಗೊಣಗುತ್ತಲೇ, ಇಬ್ಬರ ತಲೆಗೂ ಅಂಗೈ ತುಂಬ ಎಣ್ಣೆ ಒತ್ತಿದರು. ಬಚ್ಚಲಲ್ಲಿ ಹೊನ್ನ, ಸಿದ್ದು. ಬಾಗಿಲಲ್ಲಿ ನಾನು, ನನ್ನ ಹಿಂದೆ ಅವರು. ಹೊನ್ನ ಮೊದಲು ಹತ್ತಿಪ್ಪತ್ತು ಚೊಂಬು ಹೊಯ್ದುಕೊಂಡು, ಗೋಡೆಗೂ ಎರಚಿ ಕುಣಿದ. ಆಮೇಲೆ ಸಿದ್ದು ಹಂಡೆಯಿಂದ ಒಂದು ಚೊಂಬು ಮೊಗೆದ. ಎರಡು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ತಲೆಯ ಮೇಲೆ ಬೋರಲು ಹಾಕಿದ.

“ಸಿಕ್ಸರ್!” ಎಂದು ಹೊನ್ನ ಕೂಗಿದ. ಮರಿತಾಯಮ್ಮ ನನ್ನ ಭುಜ ಹಿಡಿದರು.

ಸಿದ್ದು ಮುಖದ ಮೇಲಿನ ನೀರು ಒರೆಸಿಕೊಂಡು ಕಣ್ಣು ಬಿಟ್ಟ. ನಗುವುದಕ್ಕೆ ಹೊರಟಿದ್ದ. ಆಗ ಕೆಳಗೆ ನೋಡಿದ.

ಗೋಡೆಯ ಪಟ್ಟೆಗಳೆಲ್ಲ ಕರಗಿ ಇಳಿಯುತ್ತಿದ್ದವು. ಹಂಡೆಯಿಂದಲೂ ಕೆಮ್ಮಣ್ಣು ಹರಿಯುತ್ತಿತ್ತು. ಹಾಗಲದ ಎಲೆ, ಚೆಂಡುಹೂವಿನ ಎಸಳು ನೀರು ಹೋಗುವ ಜಾಲರಿಗೆ ಮೆತ್ತಿಕೊಂಡು, ಮರಿಸಿದ್ದಯ್ಯನವರು ಮೂರು ಸಲ ಅಗೆದು ಮಾಡಿದ ವಾಟದ ಬಾಯಿಯೇ ಕಟ್ಟಿಹೋಗಿತ್ತು. ಬೆರಳುದ್ದ ನೀರೂ ನಿಲ್ಲಬಾರದ ಕಡೆ ಕೆಂಪು ನೀರು ಅವನ ಹಿಮ್ಮಡಿ ಮುಚ್ಚಿ ನಿಂತಿತ್ತು. ನಾಲೆಯ ನೀರಿನದೇ ಬಣ್ಣ.

ಅವನು ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ಹೊನ್ನನ ಕುತ್ತಿಗೆಗೆ ಕೈ ಹಾಕಿ ಎತ್ತಿ ನನ್ನ ಮೇಲೆ ಎಸೆದ. ಎಸೆದ ಎಂದೇ ಹೇಳಬೇಕು. ಆಮೇಲೆ ತಾನು ಗೋಡೆಗೆ ಬಡಿದುಕೊಂಡು, ಎಣ್ಣೆಗಾಲಲ್ಲಿ ಜಾರಿ ಬಿದ್ದು, ಎದ್ದು, ನನ್ನನ್ನು ದಾಟಿ ಓಡಿದ. ಶಶಿ ಹಿಡಿಯಲು ಹೋದರೆ ಅವನ ಕೈಯನ್ನು ರಕ್ತ ಬರುವಂತೆ ಕಚ್ಚಿ, ಮಂಚದ ಕೆಳಗೆ ಸೇರಿಕೊಂಡ.

ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. ಬಹಳ ಹೊತ್ತಾದ ಮೇಲೆ ಒಳಗಿನಿಂದ ದನಿ ಬಂತು.

“ಅಜ್ಜಿ, ಮೊದಲು ಅಷ್ಟೇ ಇತ್ತು. ಕಾಲ ಹತ್ರ. ಕೆಂಪಗೆ.”

“ಹೂಂ ಮಗಾ.”

“ಅಪ್ಪ, ಏನೂ ಆಗಲ್ಲ, ಕಾಲು ಮೇಲೆತ್ಕೊಳ್ರೋ ಅಂದ್ರು. ನಾನು, ಹೊನ್ನ ಸೀಟ್ ಮೇಲೆ ಎತ್ಕೊಂಡ್ವಿ. ಅಪ್ಪನೂ ಎತ್ಕೋಬಹುದಿತ್ತು. ಅವರ ಕಾಲು ಬ್ರೇಕ್ ಹತ್ರ ಸಿಕ್ಕಾಕೊಂಡಿತ್ತು. ಕೆಳಗಡೆ ನೋಡ್ಕೊಂಡ್ರು. ಆಮೇಲೆ ನನ್ನ ನೋಡಿ ನಕ್ಕರು.”

ಒಂದು ವರ್ಷದಲ್ಲಿ ಅವನು ಅದನ್ನು ಹೇಳಿದ್ದು ಅದೇ ಮೊದಲು. ಬಾಗಿಲ ಹತ್ತಿರ ಅಮೃತ ಗೋಡೆ ಹಿಡಿದು ನಿಂತಿದ್ದಳು. ಶಶಿ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ. ಮೀನಿನ ಟೈಲ್ಸು ಬೇಡವೆಂದು ಬಂದ ನಾನು ನನ್ನ ಕೈಯಾರೆ ಕೆಮ್ಮಣ್ಣು ಕಲಸಿ, ಮನೆಯೊಳಗೇ ಆ ನಾಲೆಯನ್ನು ಮಾಡಿಟ್ಟಿದ್ದೆ.

ಅಷ್ಟೇ ಆಗಿದ್ದರೂ ಸಹಿಸಬಹುದಿತ್ತು. ಅವನ ತಲೆಯಲ್ಲಿ ಈಗ ಎಣ್ಣೆ ಇತ್ತು. ಒಂದು ಚೊಂಬು ಬಿಸಿನೀರಿಗೆ ಹೋಗುವಂಥದ್ದಲ್ಲ ಅದು. ಎಣ್ಣೆತಲೆಯಲ್ಲಿ ತಿಥಿಗೆ ನಿಲ್ಲುವ ಹಾಗಿಲ್ಲ.

“ಒಂದು ಚೊಂಬು ಹೊಯ್ದುಕೊಂಡನಲ್ಲ ಅತ್ತಿಗೆ. ನೀವೇ ನೋಡಿದಿರಿ.”

“ನೋಡ್ದೆ ಕಣಮ್ಮಿ. ಆದ್ರೆ ಎಣ್ಣೆ ಅಂಗೇ ಅದಲ್ಲ. ಎಣ್ಣೆ ಮಂಡೇಲಿ ಪಿಂಡಕ್ಕೆ ಕೈ ಇಕ್ಕುದ್ರೆ ನೆಂಟ್ರು ಸುಮ್ಕಿದ್ದಾರಾ?”

“ತಲೆ ಬೋಳಿಸಿಬಿಟ್ಟರೆ?” ಎಂದಳು ಅಮೃತ.

“ಬೋಳುಸೋಕೂ ತಲೆ ನೆನೀಬೇಕಲ್ಲವ್ವ. ಬೋಳುಸುದ್ಮ್ಯಾಕೂ ಮೀಯ್ಬೇಕು.”

ಆ ಹನ್ನೆರಡು ದಿನ ಸಿದ್ದು ಬಚ್ಚಲಿನ ಕಡೆ ಮುಖ ಹಾಕಲಿಲ್ಲ. ಕಾಲಿಗೂ ನೀರಿಲ್ಲ. ಎಣ್ಣೆತಲೆಗೆ ಧೂಳು ಹತ್ತಿ ಜಡೆಗಟ್ಟಿತು. ತರಗತಿಯಲ್ಲಿ ಯಾರೂ ಪಕ್ಕದಲ್ಲಿ ಕೂರುವುದಿಲ್ಲವೆಂದು ಹೊನ್ನನಿಂದ ತಿಳಿಯಿತು. ಸಿಂಧು ಎನ್ನುವ ಹುಡುಗಿ ಮಾತ್ರ ತನ್ನ ಚೀಲ ಎತ್ತಿಕೊಂಡು ಬಂದು ಅವನ ಬೆಂಚಿನಲ್ಲಿ ಕೂತಳಂತೆ. ಕಪ್ಪು ಕಲ್ಲಿನ ಮೇಲೆ, ಅಣ್ಣನ ಹೆಸರಿನ ಮುಂದೆ, ಹೊನ್ನ ತಾನೇ ದೊಡ್ಡದಾಗಿ ಆರು ಎಂದು ಬರೆದಿದ್ದ. ನಾನು ಗೋಡೆ ತೊಳೆದೆ. ಟೈಲ್ಸಿನ ಸಂದಿಗಳಲ್ಲಿ ಸೇರಿದ್ದ ಕೆಂಪು ಮಾತ್ರ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೂ ಹೋಗಲಿಲ್ಲ.

ಶಶಿ ಮಂಚದ ಕೆಳಗಿನ ಮಾತು ಕೇಳಿದ್ದ. ಆದರೂ ತಿಥಿಯ ಹಿಂದಿನ ದಿನ ಟವೆಲು, ಪಂಚೆ ಚೀಲಕ್ಕೆ ತುಂಬುತ್ತ, ಯಾರ ಮುಖವನ್ನೂ ನೋಡದೆ ಹೇಳಿದ: “ಒಂದ್ಸಲ ಮುಳುಗುದ್ರೆ ಮುಗೀತದೆ. ಇಲ್ದಿದ್ರೆ ಇದು ಸಾಯೋಗಂಟ ಇರ್ತದೆ.” ಯಾರನ್ನು ಕುರಿತು ಹೇಳಿದನೆಂದು ನನಗೆ ಆಗ ಹೊಳೆಯಲಿಲ್ಲ.

ಬೆಳಕವಾಡಿ ದಾಟಿದ ಮೇಲೆ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ನೆಂಟರು ಹದಿನೈದಿಪ್ಪತ್ತು ಜನ ಸೇರಿದ್ದರು. ಮೇಲೆಲ್ಲೋ ಮಳೆಯಾಗಿ ಕಾವೇರಿ ಕೆಂಪಗೆ ಹರಿಯುತ್ತಿತ್ತು. ಪುರೋಹಿತರು ಎಲೆ ಹಾಸಿ, ಕರ್ತೃ ಸ್ನಾನ ಮಾಡಿ ಬರಲಿ ಎಂದರು. ಶಶಿ ಅಂಗಿ ಬಿಚ್ಚಿ, ಸಿದ್ದುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಹುಡುಗ ಕೊಸರಾಡಲಿಲ್ಲ. ಚಿಕ್ಕಪ್ಪನ ಬೆನ್ನ ಮೇಲಿಂದ ನನ್ನನ್ನು ನೋಡಿದ. ಅವನ ಚಡ್ಡಿ ಒದ್ದೆಯಾಗುತ್ತಿತ್ತು.

“ಬೇಡ ಶಶಿ,” ಎಂದೆ. ಮೂವತ್ತೊಂದು ವರ್ಷ ಪಾಠ ಹೇಳಿದ ದನಿ ಕೀರಲಾಗಿ ಬಂತು. “ಬಿಟ್ಟುಬಿಡು ಅವನನ್ನು.”

“ನೀನ್ ಮಾಡಿದ್ದಾಯ್ತಲ್ಲವ್ವಾ, ಬುಡು,” ಎಂದು ಅವನು ಇಳಿದ.

ನಾನೂ ಹಿಂದೆಯೇ ಇಳಿದೆ. ಒಂದು ಮೆಟ್ಟಿಲು, ಎರಡು. ನೀರು ಶಶಿಯ ಪಾದಕ್ಕೆ ಬಂತು, ಹಿಮ್ಮಡಿ ಮುಳುಗಿತು. ಅಷ್ಟರಲ್ಲಿ ಸಿದ್ದು ಹೆಗಲ ಮೇಲಿಂದ ಬಗ್ಗಿ ಕೆಳಗೆ ನೋಡಿದ. ಚಿಕ್ಕಪ್ಪನ ಕಾಲುಗಳನ್ನು ನೋಡಿದ. ನಾನು ಎರಡು ಮೊಳ ದೂರದಲ್ಲಿದ್ದೆ. ಅವನು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

“ಚಿಕ್ಕಪ್ಪ, ಕಾಲು ಮೇಲೆತ್ಕೋ.”

ಶಶಿ ನಿಂತ.

“ಕಾಲು ಮೇಲೆತ್ಕೋ ಚಿಕ್ಕಪ್ಪ. ಸಿಕ್ಕಾಕೊಳ್ಳುತ್ತೆ. ಎತ್ಕೋ, ಬೇಗ ಎತ್ಕೋ.” ಹುಡುಗ ತನ್ನ ಎರಡೂ ಕೈಯಿಂದ ಅವನ ತೋಳು ಹಿಡಿದು ಮೇಲಕ್ಕೆ ಜಗ್ಗುತ್ತಿದ್ದ.

ನನ್ನ ಮಗ ಹಾಗೆಯೇ ಎಷ್ಟು ಹೊತ್ತು ನಿಂತನೋ. ಆಮೇಲೆ ಹಿಂದು ಹಿಂದಕ್ಕೆ ಎರಡು ಮೆಟ್ಟಿಲು ಹತ್ತಿ, ಸಿದ್ದುವನ್ನು ಒಣಗಿದ ಕಲ್ಲಿನ ಮೇಲೆ ಇಳಿಸಿ, ಅಲ್ಲೇ ಕುಸಿದು ಕೂತ. ಮೊಣಕಾಲನ್ನು ಎದೆಗೆ ಎಳೆದುಕೊಂಡು ನಡುಗತೊಡಗಿದ. ಮೂರು ದಿನ ಏರಿಯ ಮೇಲೆ ನಿಂತಿದ್ದವನು, ಈಜುಗಾರರು ಯತೀಶನನ್ನು ಮೇಲೆ ತಂದಾಗ ಮೊದಲು ಹಿಡಿದುಕೊಂಡವನು. ಅಂದಿನಿಂದ ಅವನೂ ಹೊಳೆಗಿಳಿದಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಹೆತ್ತವಳಿಗೆ ಒಂದು ವರ್ಷ ಕಾಣದೆ ಹೋಗಿತ್ತು.

“ಹೊತ್ತಾಗುತ್ತಿದೆ. ಕರ್ತೃವಿನ ಮೈಮೇಲೆ ನೀರು ಬೀಳಲೇಬೇಕು,” ಎಂದರು ಪುರೋಹಿತರು ಮೆಲ್ಲಗೆ. “ಇಬ್ಬರಲ್ಲಿ ಯಾರು ಎಂದು ಹೇಳಿಬಿಡಿ.”

ಶಶಿ ಏಳಲಿಲ್ಲ. ಏಳಲು ಅವನಿಂದ ಆಗುತ್ತಿರಲಿಲ್ಲ.

ಮರಿತಾಯಮ್ಮ ಸೀರೆ ಎತ್ತಿ ಕಟ್ಟಿಕೊಂಡು ತಾವೇ ನೀರಿಗಿಳಿದರು. ಎಂಬತ್ತು ದಾಟಿದ ಹೆಂಗಸು. ಹಿತ್ತಾಳೆ ಚೊಂಬಿನಲ್ಲಿ ಹೊಳೆನೀರು ಮೊಗೆದು ತಂದು, ಸಿದ್ದುವಿನ ಪಕ್ಕ ಕಲ್ಲಿನ ಮೇಲೆ ಇಟ್ಟರು. ದೂರ ಹೋಗಿ ನಿಂತರು.

ಸಿದ್ದು ಚೊಂಬಿನೊಳಗೆ ನೋಡಿದ. ಆಮೇಲೆ ಚಿಕ್ಕಪ್ಪನನ್ನು ನೋಡಿದ. ಚೊಂಬು ಎತ್ತಿಕೊಂಡ.

“ಕಣ್ಣು ಮುಚ್ಕೋ ಚಿಕ್ಕಪ್ಪ,” ಎಂದ. “ಉಸಿರು ಹಿಡ್ಕೋ. ಬೇಗ ಆಗೋಗುತ್ತೆ.”

ತೆಳ್ಳಗೆ, ಬಹಳ ನಿಧಾನವಾಗಿ, ಶಶಿಯ ತಲೆಯ ಮೇಲೆ ಹೊಯ್ದ.

“ಆಯ್ತಲ್ಲ ಸ್ವಾಮಿ,” ಎಂದರು ಮರಿತಾಯಮ್ಮ ಪುರೋಹಿತರಿಗೆ. “ಮಗನ ಕೈಲೇ ನೀರಾಯ್ತು. ಸಸಿ ಮಾಡ್ಲಿ, ಉಡುಗ ಮುಟ್ಕೊಂಡಿರ್ಲಿ. ಸುರು ಮಾಡಿ.” ಹಿಂದೆ ಯಾರೋ, ಎಣ್ಣೆತಲೆ ಎಂದು ಪಿಸುಗುಟ್ಟಿದರು. ಮರಿತಾಯಮ್ಮ ತಿರುಗಿ ನೋಡಲಿಲ್ಲ. ಎಲೆಯ ಮುಂದೆ ಕೂತ ಸಿದ್ದುವಿನ ಹಿಂದೆ ತಾವೂ ಕೂತು, ತಮ್ಮ ಒದ್ದೆ ಸೀರೆಯ ನೆನೆಯದ ಸೆರಗನ್ನು ಎಳೆದು ಅವನ ತಲೆಗೆ ಹೊದಿಸಿದರು. ಕಾರ್ಯ ಮುಗಿಯುವವರೆಗೆ ಕೈಯಲ್ಲೇ ಹಿಡಿದುಕೊಂಡಿದ್ದರು.

ಸಂಜೆ ಮಳವಳ್ಳಿಗೆ ಬಂದಾಗ, ಮನೆಯಲ್ಲಿ ಪಕ್ಕದವರೊಂದಿಗೆ ಬಿಟ್ಟು ಹೋಗಿದ್ದ ಹೊನ್ನ ಓಡಿ ಬಂದ.

“ಅಣ್ಣ, ಹೊಳೇಲಿ ಎಷ್ಟು ಹೊಡ್ದೆ?”

ಸಿದ್ದು ಬಚ್ಚಲುಮನೆಯ ಬಾಗಿಲಿನವರೆಗೆ ಹೋಗಿ ನಿಂತ. ಒಳಗೆ ಕಾಲಿಡುವ ಮುಂಚೆ ನೆಲ ಒಣಗಿದೆಯೇ ಎಂದು ನೋಡಿದ. ಒಣಗಿತ್ತು. ಸೀಮೆಸುಣ್ಣ ತೆಗೆದುಕೊಂಡು, ತನ್ನ ಹೆಸರಿನ ಕೆಳಗೆ ‘ಚಿಕ್ಕಪ್ಪ’ ಎಂದು ಬರೆದು, ಮುಂದೆ ಆರು ಎಂದು ಹಾಕಿ, ಹೊರಗೆ ಬಂದ.

ಸ್ನಾನ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಅವನ ದಿಂಬಿಗೆ ಎಣ್ಣೆ ಹತ್ತುತ್ತದೆಂದು ಅಮೃತ ತನ್ನ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಾಳೆ. ಶಶಿ ದಿನವೂ ಕೆಲಸದಿಂದ ಬಂದವನು ಸ್ವಲ್ಪ ಹೊತ್ತು ಆ ಕಲ್ಲಿನ ಮುಂದೆ ನಿಂತಿರುತ್ತಾನೆ, ಏನೂ ಬರೆಯುವುದಿಲ್ಲ.

ನಾನು ಹೊತ್ತು ಮುಳುಗುವ ಮುಂಚೆ ಬಚ್ಚಲಿಗೆ ಹೋಗಿ, ಜಾಲರಿ ಎತ್ತಿ, ಮೊಣಕೈವರೆಗೆ ಕೈ ಹಾಕಿ ನೋಡುತ್ತೇನೆ. ಒಂದು ಎಲೆಯೂ ಇರುವುದಿಲ್ಲ. ಆದರೂ ಒಂದು ಬಕೆಟ್ಟು ನೀರು ಸುರಿದು, ಅದೆಲ್ಲ ಹರಿದುಹೋಗುವವರೆಗೂ ಅಲ್ಲೇ ನಿಂತಿರುತ್ತೇನೆ.